ಟ್ರೇಡ್ ಯೂನಿಯನ್ ‘ವ್ಯಾಪಾರ ಒಕ್ಕೂಟ’ ಆಗಿದ್ದ ಕಥೆ: ವಿಕಿಪೀಡಿಯದಲ್ಲಿ ನನ್ನ ಅನುಭವ

ಕನ್ನಡ ವಿಕಿಪೀಡಿಯದಲ್ಲಿ ಕಾರ್ಮಿಕ ಚಳವಳಿ ಬಗ್ಗೆ ಎಡಿಟ್ ಮಾಡೋಕೆ ಶುರು ಮಾಡಿದ್ದು ದೊಡ್ಡ ಆದರ್ಶದಿಂದೇನಲ್ಲ, ಒಂದು ಪುಟ ಓದಿ ನಗು ತಡೆಯೋಕಾಗ್ಲಿಲ್ಲ ಅಷ್ಟೇ. ಯಾರೋ ಇಂಗ್ಲಿಷ್ ಲೇಖನನ ಟ್ರಾನ್ಸ್‌ಲೇಟ್ ಟೂಲ್‌ಗೆ ಹಾಕಿ ಬಂದಿದ್ದನ್ನ ಹಂಗೇ ಸೇವ್ ಮಾಡಿದ್ರು, ಟ್ರೇಡ್ ಯೂನಿಯನ್ (ಕಾರ್ಮಿಕ ಸಂಘ) ‘ವ್ಯಾಪಾರ ಒಕ್ಕೂಟ’, ಸ್ಟ್ರೈಕ್ (ಮುಷ್ಕರ) ‘ಹೊಡೆತ’! 1920ರಲ್ಲಿ ಬಾಂಬೆಲಿ ಲಾಲಾ ಲಜಪತ್ ರಾಯ್ ಅಧ್ಯಕ್ಷತೆಲಿ ಶುರುವಾದ ಎಐಟಿಯುಸಿ (ದೇಶದ ಕಾರ್ಮಿಕ ಸಂಘಗಳ ಒಕ್ಕೂಟ) ಓದೋರಿಗೆ ಕಿರಾಣಿ ಅಂಗಡಿ ಮಾಲೀಕರ ಸಂಘದ ಥರ ಕಾಣ್ತಿತ್ತು.

ಅರಳಿಕಟ್ಟೆಲಿ (ವಿಕಿಲಿ ಎಲ್ಲರೂ ಸೇರಿ ಮಾತಾಡೋ ಪುಟಕ್ಕೆ ಅದೇ ಹೆಸರು) ಕೇಳಿದ್ಮೇಲೆ ಇಬ್ಬರು ಜೊತೆಯಾದ್ರು. ಒಬ್ಬರು ಬೆಂಗಳೂರಿನ ದೂರವಾಣಿನಗರದಲ್ಲಿರೋ ಐಟಿಐ ಟೆಲಿಫೋನ್ ಫ್ಯಾಕ್ಟರಿಲಿ ರಿಟೈರ್ ಆದವರು (ನಾವು ಸರ್ ಅಂತೀವಿ), ಇನ್ನೊಬ್ಬ ಡಿಗ್ರಿ ಓದೋ ಹುಡುಗ. ಪ್ರತಿ ಭಾನುವಾರ ಸಂಜೆ ಕಾಲ್‌ನಲ್ಲಿ ಸೇರಿ ಒಂದೊಂದು ಪುಟ ತಗೊಂಡು ಪ್ರಯೋಗಪುಟದಲ್ಲಿ (ಕರಡು ಬರೆಯೋ ಜಾಗ) ತಿದ್ದಿ ಆಮೇಲೆ ಹಾಕೋದು. ‘ಲಾಕೌಟ್’ಗೆ (ಮಾಲೀಕರೇ ಫ್ಯಾಕ್ಟರಿಗೆ ಬೀಗ ಹಾಕೋದು) ಕನ್ನಡ ಪದ ಹುಡುಕ್ತಾ ನಾನೂ ಹುಡುಗನೂ ಅರ್ಧ ಗಂಟೆ ಕಳೆದಾಗ ಸರ್ ಅಂದ್ರು, "ಏನಮ್ಮ, ಮೂವತ್ತು ವರ್ಷ ಫ್ಯಾಕ್ಟರಿಲಿ ಲಾಕೌಟ್ ಅಂತಾನೇ ಅಂದಿದೀವಿ, ಹಂಗೇ ಬರಿ." ಹಂಗೇ ಬರೆದ್ವಿ.

ಮೊದಲ ಏಟು ನಂಗೇ ಬಿತ್ತು. ಪೇಪರ್‌ನಿಂದ ಎರಡು ಪ್ಯಾರಾ ಎತ್ತಿ ಹಾಕಿದ್ದೆ, ಕಾಪಿರೈಟ್ ಅಂತ ಒಂದೇ ದಿನದಲ್ಲಿ ಡಿಲೀಟ್. ತಪ್ಪು ನಂದೇ.

ಕಷ್ಟ ಆಗಿದ್ದು 1980-81ರ ಬೆಂಗಳೂರು ಸಾರ್ವಜನಿಕ ಉದ್ದಿಮೆಗಳ ಮುಷ್ಕರದ ಪುಟ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಎಲ್ಲಾ ಕಡೆಯೋರು ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನೋರಿಗೆ ಸಿಗೋವಷ್ಟು ಸಂಬಳ ನಮಗೂ ಕೊಡಿ ಅಂತ 77 ದಿನ ಕೆಲಸ ನಿಲ್ಲಿಸಿದ್ರು, ಸರ್ ಕೂಡ ಅದರಲ್ಲಿದ್ರು. ಸಂಬಳ ಇಲ್ದೆ ಮನೆ ಹೇಗೆ ನಡೀತು, ಅಕ್ಕಿ ಅಂಗಡಿಯವರು ಲೆಕ್ಕದ ಪುಸ್ತಕದಲ್ಲಿ ಎಷ್ಟು ಪುಟ ತುಂಬಿಸಿದ್ರು, ಎಲ್ಲಾ ಬರೆದು ಕಳಿಸಿದ್ರು. ಓದೋಕೆ ಅದ್ಭುತವಾಗಿತ್ತು. ಆದ್ರೆ ವಿಕಿಲಿ ಪ್ರಕಟವಾದ ಮೂಲದ ಉಲ್ಲೇಖ ಇಲ್ದೆ ಸ್ವಂತ ನೆನಪು ಹಾಕೋ ಹಾಗಿಲ್ಲ, ಅದನ್ನ ಅವರಿಗೆ ಹೇಳೋಕೆ ನಂಗೆ ಒಂದು ವಾರ ಬೇಕಾಯ್ತು. "ನಾನೇ ಅಲ್ಲಿದ್ನಲ್ಲಮ್ಮ" ಅಂದ್ರು, ಅಷ್ಟೇ. ಆಮೇಲೆ ಅವರೇ ಲೈಬ್ರರಿಗೆ ಹೋಗಿ 1981ರ ಹಳೇ ಪೇಪರ್ ಬೈಂಡ್ ತೆಗೆಸಿ, ಧೂಳಿಗೆ ಸೀನ್ತಾ, ಪುಟ ಪುಟದ ಫೋಟೋ ಹೊಡೆದು ವಾಟ್ಸಾಪ್ ಮಾಡಿದ್ರು, ಅರ್ಧ ಫೋಟೋದಲ್ಲಿ ಅವರ ಹೆಬ್ಬೆರಳೇ ಇತ್ತು. ಪುಟ ನಿಂತಿರೋದು ಅವುಗಳ ಮೇಲೆನೇ.

ಈಗ ಕೂತಿರೋದು 2016ರ ಏಪ್ರಿಲ್‌ನ ಬೆಂಗಳೂರು ಗಾರ್ಮೆಂಟ್ಸ್ ಕಾರ್ಮಿಕರ ಪ್ರತಿಭಟನೆ ಪುಟದ ಮೇಲೆ. ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ನಿಯಮ ತಂದಾಗ ಸಾವಿರಾರು ಹೆಣ್ಮಕ್ಕಳು ಮೆಷಿನ್ ಬಿಟ್ಟೆದ್ದು ಹೊಸೂರು ರೋಡಿಗೆ ಬಂದ್ರು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಳ್ತು. ಪಕ್ಕದ ಮಾಹಿತಿ ಚೌಕದಲ್ಲಿ ‘ನಾಯಕರು’ ಅಂತ ಒಂದು ಸಾಲಿದೆ. ಯಾವ ಯೂನಿಯನ್ನೂ ಕರೆ ಕೊಟ್ಟಿರ್ಲಿಲ್ಲ, ಹಾಗಾಗಿ ಖಾಲಿ ಬಿಟ್ವಿ. ಯಾರೋ ಬಂದು ಒಬ್ಬ ಗಂಡಸಿನ ಹೆಸರು ತುಂಬಿದ್ರು, ಉಲ್ಲೇಖ ಕೇಳಿದ್ರೆ ಉತ್ತರ ಇಲ್ಲ. ತೆಗೆದ್ವಿ. ತಿಂಗಳು ಬಿಟ್ಟು ಬೇರೆ ಹೆಸರು ಬಂತು. ಹುಡುಗ ಆ ಸಾಲನ್ನೇ ಕಿತ್ತು ಹಾಕ್ದ, ನಾನು ಪುಟನ ವೀಕ್ಷಣಾಪಟ್ಟಿಲಿ (ಯಾರಾದ್ರೂ ಪುಟ ಬದಲಾಯಿಸಿದ್ರೆ ತೋರಿಸೋ ಪಟ್ಟಿ) ಇಟ್ಕೊಂಡಿದೀನಿ.