ಗೇಮಿನ ಗ್ಯಾರೇಜಿಗೆ ನಿಮ್ಮದೇ ಕಾರುಗಳು

ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿಂಗ್ ಗೇಮ್ ಬಿಡುಗಡೆಯಾದದ್ದು 2014ರ ಡಿಸೆಂಬರ್‌ನಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಸ್ಟೀರಿಂಗ್ ವ್ಹೀಲ್ ತಂದು ಮೇಜಿಗೆ ಬಿಗಿದುಕೊಂಡವರಿಗೆ ಇವತ್ತಿಗೂ ನಾನು ಹೇಳುವುದು ಈ ಹಳೇ ಗೇಮನ್ನೇ. ಯಾರೋ ಹವ್ಯಾಸಿಗಳು ಕೂತು ಮಾಡಿದ ಕಾರನ್ನೂ ಇದು ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಇದನ್ನು ಮಾಡಿದ ಇಟಲಿ ಕಂಪನಿಯದೇ ಇನ್ನೊಂದು ಗೇಮ್ ‘ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ’ಗೆ ಈ ಗುಣ ಇಲ್ಲ, ಕೊಳ್ಳುವಾಗ ಹೆಸರು ನೋಡಿಕೊಳ್ಳಿ. ಬೇಕಾಗಿರುವುದು ಪಿಸಿ ಆವೃತ್ತಿ.

ಮೊದಲು ನಿಮ್ಮ ಸಂಗ್ರಹಕ್ಕೊಂದು ಎಳೆ ಇರಲಿ. ಎಂಬತ್ತರ ದಶಕದ ಟೂರಿಂಗ್ ಕಾರುಗಳು ಅಂತಲೋ, ನಮ್ಮ ರಸ್ತೆಗಳಲ್ಲಿ ಓಡಾಡಿದ ಸಣ್ಣ ಕಾರುಗಳು ಅಂತಲೋ. ಸಿಕ್ಕಿದ್ದನ್ನೆಲ್ಲ ತುಂಬಿಕೊಂಡರೆ ಹಾರ್ಡ್ ಡಿಸ್ಕ್ ಭರ್ತಿಯಾಗುತ್ತದೆಯೇ ಹೊರತು ರೇಸ್ ಮಾತ್ರ ಕೂಡಿಬರುವುದಿಲ್ಲ. ಹೆಚ್ಚುಕಮ್ಮಿ ಒಂದೇ ತಾಕತ್ತಿನ ಏಳೆಂಟು ಕಾರು ಸಾಕು.

ಇಂಟರ್ನೆಟ್‌ನಿಂದ ಇಳಿಸಿಕೊಂಡ ಕಾರಿನ ಝಿಪ್ ಫೈಲನ್ನು ಬೇರೆ ಕಡೆ ಬಿಚ್ಚಿ ಒಳಗೇನಿದೆ ನೋಡಿ. ಒಂದು ಕಾರು ಅಂದರೆ ಒಂದು ಫೋಲ್ಡರ್. ಅದನ್ನು ತೆರೆದ ತಕ್ಷಣ ಕೆಎನ್5 ಎಂದು ಕೊನೆಯಾಗುವ ಕಾರಿನ ಮಾಡೆಲ್, ಬಣ್ಣಗಳಿರುವ ಸ್ಕಿನ್ಸ್, ಶಬ್ದದ ಎಸ್‌ಎಫ್‌ಎಕ್ಸ್, ಹೆಸರು-ವಿವರಗಳ ಯುಐ, ಜೊತೆಗೆ ಡೇಟಾ ಫೋಲ್ಡರ್ ಅಥವಾ ಡೇಟಾ.ಎಸಿಡಿ ಫೈಲ್ ಕಾಣಬೇಕು. ಕಾರಿನ ತೂಕ, ಎಂಜಿನ್, ಸಸ್ಪೆನ್ಷನ್, ಟಯರ್ ಲೆಕ್ಕವೆಲ್ಲ ಈ ಡೇಟಾದಲ್ಲಿ. ಇವು ಕಾಣದೆ ಒಳಗೆ ಇನ್ನೊಂದು ಫೋಲ್ಡರ್ ಕಂಡರೆ ನಿಮಗೆ ಬೇಕಾದದ್ದು ಆ ಒಳಗಿನದ್ದು.

ಗೇಮುಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಲೈಬ್ರರಿಯಲ್ಲಿ ಗೇಮಿನ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್, ಬ್ರೌಸ್ ಲೋಕಲ್ ಫೈಲ್ಸ್ ಒತ್ತಿ. ತೆರೆದ ಫೋಲ್ಡರಿನಲ್ಲಿ ಕಂಟೆಂಟ್, ಅದರೊಳಗೆ ಕಾರ್ಸ್. ಕಾರಿನ ಫೋಲ್ಡರನ್ನು ಅಲ್ಲಿ ಪೇಸ್ಟ್ ಮಾಡಿದರೆ ಕೆಲಸ ಆಯಿತು. ಕಂಟೆಂಟ್ ಮ್ಯಾನೇಜರ್ ಎಂಬ ಹೊರಗಿನ ಲಾಂಚರ್ (ಗೇಮನ್ನು ಶುರುಮಾಡುವ ಸಾಫ್ಟ್‌ವೇರ್) ಹಾಕಿಕೊಂಡಿದ್ದರೆ ಇಷ್ಟೂ ಬೇಡ. ಝಿಪ್ಪನ್ನೇ ಎಳೆದು ಅದರ ಕಿಟಕಿಗೆ ಬಿಟ್ಟು ಇನ್‌ಸ್ಟಾಲ್ ಒತ್ತಿದರಾಯಿತು. ಆದರೂ ಒಂದೆರಡು ಕಾರನ್ನು ಕೈಯಾರೆ ಹಾಕಿ ನೋಡಿ. ಮುಂದೆ ಏನಾದರೂ ಕೆಟ್ಟರೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ.

ಇನ್ನು ಬಹಳ ಜನ ಎಡವುವ ಜಾಗ. ಸಂಗ್ರಹ ಒಪ್ಪವಾಗಿರಲಿ ಎಂದು ಕಾರಿನ ಫೋಲ್ಡರಿಗೆ ತಮಗಿಷ್ಟವಾದ ಹೆಸರಿಡುತ್ತಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಡೇಟಾ.ಎಸಿಡಿಗೆ ಬೀಗ ಹಾಕಿರುತ್ತದೆ, ಆ ಬೀಗದ ಕೀಲಿ ಹುಟ್ಟುವುದು ಫೋಲ್ಡರಿನ ಹೆಸರಿನಿಂದಲೇ. ಹೆಸರು ಬದಲಾದರೆ ಗೇಮಿಗೆ ಕಾರಿನ ಲೆಕ್ಕವೇ ಓದಲಾಗದು. ಎಸ್‌ಎಫ್‌ಎಕ್ಸ್‌ನಲ್ಲಿರುವ ಜಿಯುಐಡಿಸ್ (GUIDs) ಎಂಬ ಪಠ್ಯ ಫೈಲ್ ತೆರೆದು ನೋಡಿ: ಎಂಜಿನ್, ಹಾರ್ನ್, ಗೇರಿನ ಸದ್ದು, ಒಂದೊಂದು ಸಾಲಿನಲ್ಲೂ ಅದೇ ಹೆಸರು ಇರುತ್ತದೆ. ಅಂದರೆ ಸದ್ದೂ ಅಡಗುತ್ತದೆ.

ಹೆಸರು ಬದಲಿಸಲೇಬೇಕೆಂದರೆ ಯುಐ ಫೋಲ್ಡರಿನ ಯುಐ_ಕಾರ್.ಜೇಸನ್ (ui_car.json) ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆಯ ಮೇಲೆ ಕಾಣುವ ಹೆಸರು, ಬ್ರ್ಯಾಂಡ್, ಇಸವಿ ಎಲ್ಲ ಅಲ್ಲಿವೆ. ಹೇಗೆ ಬೇಕಾದರೂ ತಿದ್ದಿ. ಸಂಗ್ರಹ ಕಟ್ಟುವುದೂ ಇಲ್ಲೇ. ಟ್ಯಾಗ್ಸ್ ಎಂಬ ಸಾಲಿನಲ್ಲಿ ‘ನಮ್ಮ ಗ್ರಿಡ್’ ಎಂದೋ ಮತ್ತೇನೋ ಒಂದು ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ. ಎಲ್ಲ ಕಾರಿಗೂ ಅದೇ ಪದ, ಅದೇ ಸ್ಪೆಲ್ಲಿಂಗ್. ಆಮೇಲೆ ಲಾಂಚರಿನಲ್ಲಿ ಆ ಟ್ಯಾಗ್ ಹುಡುಕಿದರೆ ನಿಮ್ಮ ಕಾರುಗಳಷ್ಟೇ ಸಾಲಾಗಿ ಬರುತ್ತವೆ. ಉದ್ಧರಣ ಚಿಹ್ನೆ, ಅಲ್ಪವಿರಾಮಗಳ ಮೇಲೆ ಕಣ್ಣಿರಲಿ. ಒಂದು ಅಲ್ಪವಿರಾಮ ಬಿಟ್ಟುಹೋದರೂ ಇಡೀ ಫೈಲ್ ಕೆಡುತ್ತದೆ. ತಿದ್ದುವ ಮುನ್ನ ಒಂದು ಕಾಪಿ ಇಟ್ಟುಕೊಳ್ಳಿ. ಕರೆಂಟಿನ ಮೇಲಂತೂ ನಂಬಿಕೆ ಬೇಡ.

ಎಲ್ಲವನ್ನೂ ಒಟ್ಟಿಗೆ ರೇಸಿಗೆ ಇಳಿಸುವ ಮೊದಲು ಒಂದೊಂದನ್ನೇ ಪ್ರ್ಯಾಕ್ಟೀಸ್‌ನಲ್ಲಿ ಓಡಿಸಿ. ಒಂಟಿಯಾಗಿ ಚೆನ್ನಾಗಿ ಓಡುವ ಕಾರು ಇಪ್ಪತ್ತು ಕಾರುಗಳ ಗ್ರಿಡ್‌ನಲ್ಲಿ, ಅಂದರೆ ರೇಸಿಗೆ ನಿಂತ ಕಾರುಗಳ ಸಾಲಿನಲ್ಲಿ, ತಡವರಿಸಿದರೆ ಫೋಲ್ಡರ್‌ನಲ್ಲಿ ಮಾಡೆಲ್ ಫೈಲುಗಳು ಎಷ್ಟಿವೆ ನೋಡಿ. ಒಳ್ಳೆಯ ಕಾರಿಗೆ ದೂರದಿಂದ ನೋಡುವಾಗ ಬಳಸಲು ಹಗುರವಾದ ಎರಡು ಮೂರು ಮಾಡೆಲ್‌ಗಳಿರುತ್ತವೆ. ಒಂದೇ ಒಂದು ದೊಡ್ಡ ಫೈಲ್ ಇದ್ದರೆ, ಎಷ್ಟೇ ಅಂದವಾಗಿದ್ದರೂ ಆ ಕಾರನ್ನು ತೆಗೆದುಹಾಕಿ. ಬೇರೆ ಗೇಮುಗಳಿಂದ ಕದ್ದು ತಂದ ಮಾಡೆಲ್‌ಗಳೂ ಓಡಾಡುತ್ತಿರುತ್ತವೆ, ಅವನ್ನು ದೂರವಿಡಿ.

ಗೆಳೆಯರ ಜೊತೆ ಆನ್‌ಲೈನ್ ಆಡುವುದಾದರೆ ನೀವು ಹಾಕಿಕೊಂಡ ಝಿಪ್ಪನ್ನೇ ಅವರಿಗೂ ಕೊಡಿ. ಕಾರು ಮಾಡಿದವರು ಹಂಚಬೇಡಿ ಎಂದಿದ್ದರೆ ಅವರ ಕೊಂಡಿ ಕಳಿಸಿ, ಆವೃತ್ತಿ ಸಂಖ್ಯೆ ಹೇಳಿ. ಸರ್ವರ್ ಎಲ್ಲರ ಡೇಟಾವನ್ನೂ ತಾಳೆ ನೋಡುತ್ತದೆ. ಯಾರಾದರೂ ಟಯರಿನ ಹಿಡಿತ ಚೂರು ಏರಿಸಿಕೊಂಡಿದ್ದರೆ ಅವರನ್ನು ಹೊರಗೆ ಹಾಕುತ್ತದೆ. ಯುಐ ಫೈಲಿನೊಳಗೆ ಕಾರಿನ ಹೆಸರು, ಟ್ಯಾಗ್ ತಿದ್ದಿದ್ದಕ್ಕೆ ಈ ತಕರಾರಿಲ್ಲ.