ಉಜ್ಜುವ ಮೊದಲು ಅಂಚು ನೋಡಿ

ನಮ್ಮ ಹಿಂದಿನ ಬಾಡಿಗೆ ಮನೆಯ ಹಾಲ್‌ನಲ್ಲಿ ವಿನೈಲ್ ಶೀಟ್ (ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ) ಹಾಸಿದ್ದರು, ನೋಡೋಕೆ ಮರದ ಹಲಗೆ ಥರ. ಬಾಗಿಲ ಬಳಿ ಒಂದು ಹಳದಿ ಕಲೆ. ಮೂರು ದಿನ ಉಜ್ಜಿದೆ. ಸೋಪಿನ ಪುಡಿ, ನಿಂಬೆಹಣ್ಣು, ಅಡುಗೆ ಸೋಡಾ, ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಸೊಸೆಯ ನೇಲ್ ಪಾಲಿಶ್ ರಿಮೂವರ್ ಹಾಕಿ ತಿಕ್ಕಿದೆ. ಕಲೆ ಅಲ್ಲೇ ಇತ್ತು, ಹೊಳಪು ಹೋಯಿತು! ಅದರಲ್ಲಿರುವ ಅಸಿಟೋನ್ ವಿನೈಲನ್ನೇ ಮೆತ್ತಗೆ ಮಾಡುತ್ತದಂತೆ. ಕಲೆ ಯಾವ ಪದರದಲ್ಲಿದೆ ಅಂತ ನೋಡದೆ ಕೈ ಹಾಕಿದ್ದು ನನ್ನ ತಪ್ಪು.

ಪದರ ನೋಡಬೇಕೆಂದರೆ ನಡುಮನೆಯಲ್ಲಿ ಕೆರೆಯಬೇಡಿ. ಫ್ರಿಜ್ ಹಿಂದೆಯೋ ಹೊಸ್ತಿಲ ಹತ್ತಿರವೋ ಅಂಚು ಸ್ವಲ್ಪ ಎದ್ದಿರುತ್ತದೆ. ಅಲ್ಲಿ ಮೊಬೈಲ್ ಟಾರ್ಚ್ ಹಿಡಿಯಿರಿ. ತೀರಾ ಮೇಲೆ ಉಗುರಿಗಿಂತ ತೆಳುವಾದ ಪಾರದರ್ಶಕ ಪದರ. ಅದರ ಕೆಳಗೆ ಬಣ್ಣದ ಚಿತ್ರ, ಅಂದರೆ ಆ ಮರದ ಗೆರೆಯೆಲ್ಲ ಬರೀ ಪ್ರಿಂಟು. ಅದರಡಿ ಫೋಮು, ಕೊನೆಗೆ ತಳ. ನೆಲ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಹೆಚ್ಚಾಗಿ ಆ ಮೇಲಿನ ಪದರದ ಮೇಲೆ ನಿಂತಿದೆ. ಅಂಗಡಿಯವರು '2 ಎಂಎಂ ಶೀಟು' ಅಂದರೆ ಅದು ಒಟ್ಟು ದಪ್ಪ. 'ವೇರ್ ಲೇಯರ್ ಎಷ್ಟು?', ಅಂದರೆ ಆ ಪಾರದರ್ಶಕ ಪದರದ ದಪ್ಪ ಎಷ್ಟು, ಅಂತ ಕೇಳಿ. ಮನೆಗೆ 0.3 ಮಿ.ಮೀ. ಇದ್ದರೆ ಚೆನ್ನಾಗಿ ಬರುತ್ತದೆ. ಅಂಗಡಿ, ಆಫೀಸಿಗೆ 0.5 ಬೇಕು.

ಗೀರು ಕಂಡರೆ ಅದರ ಮೇಲೆ ಒಂದು ಹನಿ ನೀರು ಬಿಡಿ. ಒದ್ದೆಯಾದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಗೀರು ಮೇಲಿನ ಪದರದಲ್ಲೇ ಇದೆ, ಹೆದರಬೇಕಾಗಿಲ್ಲ. ಒದ್ದೆಯಾದರೂ ಬೆಳ್ಳಗೇ ಕಂಡರೆ ಪ್ರಿಂಟು ಹೋಗಿದೆ, ಇನ್ನು ಉಜ್ಜಿ ಪ್ರಯೋಜನವಿಲ್ಲ. ಇಡೀ ನೆಲ ಮಬ್ಬಾಗಿದ್ದರೆ ಮೊದಲು ಒಂದು ಗೇಣು ಜಾಗವನ್ನು ಬರೀ ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ಒರೆಸಿ ನೋಡಿ. ಎಷ್ಟೋ ಸಲ ಅದು ಸೋಪಿನ ಜಿಡ್ಡು ಅಷ್ಟೇ.

ಇನ್ನು ನನ್ನ ಹಳದಿ ಕಲೆಯ ವಿಷಯ. ಅಲ್ಲಿ ಮೊದಲು ರಬ್ಬರ್ ತಳದ ಕಾಲೊರಸು ಇತ್ತಂತೆ. ರಬ್ಬರಿನಲ್ಲಿರುವ ರಾಸಾಯನಿಕ ವಿನೈಲಿನೊಳಗೆ ಇಳಿದು ಬಣ್ಣ ತಿರುಗಿಸುತ್ತದೆ. ಅದು ಒಳಗಿನ ಕಲೆ, ಹೋಗುವುದಿಲ್ಲ. ಅದಕ್ಕೇ ಈಗ ನಮ್ಮ ಮನೆಯಲ್ಲಿ ಹಳೆ ಟವೆಲ್ಲೇ ಕಾಲೊರಸು. ಚಂದ ಇಲ್ಲ, ಇರಲಿ ಬಿಡಿ.

ಕಪ್ಪು ಅಥವಾ ನಸುಗುಲಾಬಿ ಕಲೆ ಬಚ್ಚಲ ಗೋಡೆ ಕಡೆ ಇದ್ದರೆ ಹುಷಾರು. ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ತಿಂಗಳು ಕಳೆದು ಕಲೆ ಗೆರೆ ದಾಟಿದ್ದರೆ ಕೆಳಗೆ ನೀರು ಸೇರಿ ಬೂಷ್ಟು ಹಿಡಿದಿರುವ ಸಾಧ್ಯತೆಯೇ ಜಾಸ್ತಿ. ಅಂಚೆತ್ತಿ ಮೂಸಿದರೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ ಬರುತ್ತದೆ. ಉಬ್ಬು ಹುಡುಕಬೇಕಾದರೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲದ ಮೇಲೇ ಮಲಗಿಸಿ. ಹಗಲಲ್ಲಿ ಕಾಣದ ಗುಳ್ಳೆಗಳೆಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ.

ಅಮೆರಿಕದಲ್ಲಿ ಹಳೇ ಮನೆ ಕೊಂಡಿರುವ ಮಕ್ಕಳಿಗೆ ಒಂದು ಮಾತು. 1980ಕ್ಕೂ ಮೊದಲಿನ ಮನೆಯಾಗಿದ್ದರೆ ನೆಲದ ಅಂಚು ಎತ್ತುವುದೂ ಬೇಡ, ಕೆರೆಯುವುದೂ ಬೇಡ. ಅಲ್ಲಿನ ಹಳೆಯ ವಿನೈಲಿನಲ್ಲಿ, ಅದರಲ್ಲೂ 9 ಇಂಚಿನ ಚೌಕ ಟೈಲ್‌ಗಳಲ್ಲಿ, ಅವುಗಳ ಕೆಳಗಿನ ಕಪ್ಪು ಗೋಂದಿನಲ್ಲಿ ಆಸ್ಬೆಸ್ಟಾಸ್ (ಉಸಿರಿನೊಳಗೆ ಹೋದರೆ ಶ್ವಾಸಕೋಶ ಕೆಡಿಸುವ ಖನಿಜದ ನಾರು) ಇರಬಹುದು. ತಿಳಿದವರಿಂದ ಲ್ಯಾಬ್ ಪರೀಕ್ಷೆ ಮಾಡಿಸಿ.

ಇಲ್ಲಿ ಹೊಸ ಶೀಟ್ ಹಾಕಿಸುವವರು ಹಳೆಯದನ್ನು ಕಿತ್ತ ದಿನವೇ ಅಂಟಿಸಲು ಬಿಡಬೇಡಿ. ಬರಿ ನೆಲದ ಮೇಲೆ ಎರಡಡಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಬೆಳಿಗ್ಗೆ ಹಾಳೆಯ ಒಳಗೆ ಬೆವರು ಕಂಡರೆ ನೆಲದಲ್ಲಿ ಇನ್ನೂ ತೇವ ಇದೆ ಅಂತ; ಮೇಸ್ತ್ರಿಗೆ ಫೋನ್ ಮಾಡಿ, ಇವತ್ತು ಬರಬೇಡಿ ಅನ್ನಿ.