ವೈನಿಗೆ ಸಿಕ್ಕ ಎರಡು ನಿಮಿಷ

2021ರ ಆಗಸ್ಟ್. ಸೆಪ್ಟೆಂಬರ್ 3ಕ್ಕೆ ಹುಬ್ಬಳ್ಳಿ-ಧಾರವಾಡ ಪಾಲಿಕೆ ಚುನಾವಣೆ. ವಾರ್ಡುಗಳ ಸಂಖ್ಯೆ 67 ಇದ್ದದ್ದು 82 ಆಗಿತ್ತು. ಹುಬ್ಬಳ್ಳಿಯ ಒಂದು ಮಹಿಳಾ ಮೀಸಲು ವಾರ್ಡಿನಲ್ಲಿ ನಮ್ಮ ವೈನಿ, ಅಂದರೆ ಅತ್ತಿಗೆ, ಪಕ್ಷೇತರರಾಗಿ ನಿಂತಿದ್ದರು. ಓಣಿಯ ಹಿರಿಯರು ಎಲ್ಲ ಅಭ್ಯರ್ಥಿಗಳನ್ನೂ ಗುಡಿಯ ಪಕ್ಕದ ಹಾಲ್‌ಗೆ ಕರೆದು ಮಾತಾಡಿಸುವುದೆಂದು ಗೊತ್ತು ಮಾಡಿದರು. ತಲಾ ಎರಡು ನಿಮಿಷ, ಆಮೇಲೆ ಪ್ರಶ್ನೆ. ವೈನಿಯನ್ನು ತಯಾರು ಮಾಡುವ ಕೆಲಸ ನನ್ನ ತಲೆಗೆ ಬಂತು.

ಮೊದಲ ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ನೋಟ್‌ಬುಕ್‌ನಲ್ಲಿ ಒಂಬತ್ತು ವಿಷಯ ಬರೆದುಕೊಟ್ಟೆ: ಮಹದಾಯಿ ನದಿ ನೀರಿನ ಹಂಚಿಕೆ, ಬಿಆರ್‌ಟಿಎಸ್ ಬಸ್ ವ್ಯವಸ್ಥೆ, ರಸ್ತೆ, ಗಟಾರ, ನೀರು, ಕಸ, ಬೀದಿನಾಯಿ, ಹೀಗೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ಓದಿಸಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು.

"ಇದರಾಗ ನನ್ನ ಮಾತು ಯಾವುದೋ?" ಅಂದರು ವೈನಿ.

ಹೊಡೆದುಹಾಕಲು ಕುಳಿತೆವು. ಮೊದಲು ಹೋದದ್ದು ಮಹದಾಯಿ. ನನಗೆ ಮನಸ್ಸಿರಲಿಲ್ಲ. ನವಲಗುಂದ, ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕುಳಿತ ವಿಷಯ ಅದು. 2018ರಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಕೊಟ್ಟಿತು ಎಂದು ನಾನು ಬಾಯಿಪಾಠ ಮಾಡಿಸಿದ್ದೆ. ಆದರೆ ವೇದಿಕೆ ಮೇಲಿನ ಐದು ಜನರಲ್ಲಿ ಅದು ಬೇಡ ಅನ್ನುವವರು ಯಾರಿದ್ದರು? ಎಲ್ಲರೂ ಒಂದೇ ಹೇಳುವ ವಿಷಯದಲ್ಲಿ ನೀವು ಬೇರೆಯಾಗಿ ಕಾಣುವುದಿಲ್ಲ. ಮೇಲಾಗಿ ಅದು ಕಾರ್ಪೊರೇಟರ್ ಕೈಯಲ್ಲಿರುವ ಕೆಲಸವೂ ಅಲ್ಲ. ಬಿಆರ್‌ಟಿಎಸ್ ಕೂಡ ಹಾಗೇ. ಅದರ ಚಿಗರಿ ಬಸ್ ಬಗ್ಗೆ ಬೈಯಲು ಎಲ್ಲರಿಗೂ ಖುಷಿ, ವಾರ್ಡಿನ ಸದಸ್ಯೆ ಅದಕ್ಕೇನು ಮಾಡಿಯಾರು?

ನೀರು ಉಳಿಯಿತು. ಅದನ್ನೂ ಎಲ್ಲರೂ ಎತ್ತುತ್ತಾರೆ, ಅಲ್ವಾ? ಮಲಪ್ರಭೆ ನೀರು ಸವದತ್ತಿ ಕಡೆಯಿಂದ ಊರಿಗೆ ಬರುತ್ತದೆ. 2008ರಿಂದಲೇ ಕೆಲವು ವಾರ್ಡುಗಳಿಗೆ 24 ತಾಸೂ ನೀರಿದೆ. ನಮ್ಮ ಕಡೆ ಆಗ ವಾರಕ್ಕೊಮ್ಮೆ ಬಂದರೆ ಪುಣ್ಯ. "ನಮಗೂ 24 ತಾಸು ಕೊಡಿಸ್ತೀವಿ" ಅನ್ನುವುದು ಪ್ರತಿಯೊಬ್ಬರ ಪಾಂಪ್ಲೆಟ್‌ನಲ್ಲೂ ಇತ್ತು.

ದಾರಿ ಸಿಕ್ಕಿದ್ದು ಪ್ರಚಾರಕ್ಕೆ ಹೋದ ಒಂದು ಮನೆಯಲ್ಲಿ. ನಾನು ಹೊರಗೆ ನಿಂತು ಸಮಸ್ಯೆ ಏನು ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ಜನ ಟಿವಿಯಲ್ಲಿ ಕೇಳಿದ್ದನ್ನೇ ಹೇಳುತ್ತಾರೆ. ವೈನಿ ಅಡುಗೆಮನೆಗೆ ಹೋಗಿ ಚಹಾ ಕುಡಿಯುತ್ತಿದ್ದರು. ನಾನೂ ಒಳಗೆ ಹೋದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲವು ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕಿತ್ತು, ಪಕ್ಕದಲ್ಲಿ ಸಣ್ಣ ಅಂಕಿ. ಗ್ಯಾಸ್ ಲೆಕ್ಕವೇನೋ ಎಂದುಕೊಂಡೆ. ಅಲ್ಲ, ನೀರು ಬಂದ ದಿನ ಮತ್ತು ಹೊತ್ತು. ನಡುವೆ ಎಂಟು ದಿನ, ಒಂಬತ್ತು ದಿನ, ಒಮ್ಮೆ ಹನ್ನೊಂದು. ಹೊತ್ತು ರಾತ್ರಿ ಎರಡು, ಮಧ್ಯಾಹ್ನ ಹನ್ನೆರಡು, ಬೆಳಗಿನ ಜಾವ ನಾಲ್ಕು.

"ದಿನಾ ಬ್ಯಾಡರಿ ಅಕ್ಕಾರ, ಯಾವಾಗ ಬಿಡ್ತಾರಂತ ಹೇಳಿದ್ರ ಸಾಕು. ಕೂಲಿ ಬಿಟ್ಟು ಕಾಯೂದು ತಪ್ಪತೈತಿ" ಅಂದರು ಆ ಮನೆಯಾಕೆ.

ಅಲ್ಲಿಗೆ ನೋಟ್‌ಬುಕ್ ಮುಚ್ಚಿದೆ. ವಾಲ್ವ್ ತಿರುಗಿಸುವ ಹೊತ್ತನ್ನು ಹಿಂದಿನ ದಿನವೇ ಓಣಿಗೆ ತಿಳಿಸುವಂತೆ ಮಾಡುವುದು. ಬೆನ್ನು ಹತ್ತಿದರೆ ಒಬ್ಬ ಕಾರ್ಪೊರೇಟರ್‌ನಿಂದ ಆಗುವ ಕೆಲಸ. ಇದನ್ನು ಬೇರೆ ಯಾರೂ ಹೇಳುತ್ತಿರಲಿಲ್ಲ.

ಹಾಲ್‌ನಲ್ಲಿ ಕೋವಿಡ್ ಕಾರಣಕ್ಕೆ ಜನ ಕಡಿಮೆ, ಎಲ್ಲರ ಮುಖಕ್ಕೂ ಮಾಸ್ಕ್. ವೈನಿ ಆ ಕ್ಯಾಲೆಂಡರನ್ನೇ ಎತ್ತಿ ಹಿಡಿದು ತಾರೀಖು ಓದತೊಡಗಿದರು. ಹಿಂದಿನ ಸಾಲಿನ ಹೆಂಗಸರು ಮಧ್ಯದಲ್ಲೇ "ಅವತ್ತ ನಮ್ಮಲ್ಲಿ ಮೂರಕ್ಕ ಬಂತು" ಎಂದು ಕೂಗಿ ತಿದ್ದತೊಡಗಿದರು. ಎರಡು ನಿಮಿಷ ಅದರಲ್ಲೇ ಹೋಯಿತು.

ಪೆಟ್ಟು ಬಿದ್ದದ್ದು ಪ್ರಶ್ನೆಯ ಹೊತ್ತಿನಲ್ಲಿ. ಎದುರು ನಿಂತವರಲ್ಲಿ ಒಬ್ಬರ ಯಜಮಾನರು ಹಿಂದಿನ ಅವಧಿಯಲ್ಲಿ ಕಾರ್ಪೊರೇಟರ್ ಆಗಿದ್ದವರು. ಗಟಾರ ಕಟ್ಟಿಸಿದ ಹೆಸರು ಅವರಿಗಿತ್ತು. ಅದನ್ನು ಎತ್ತಿದರೆ ಅವರಿಗೇ ಲಾಭ ಎಂದು ನಾನು ಗಟಾರವನ್ನು ಪೂರ್ತಿ ಕೈಬಿಡಿಸಿದ್ದೆ. ಒಬ್ಬ ಹಿರಿಯರು ನೇರವಾಗಿ ಅದನ್ನೇ ಕೇಳಿದರು. ವೈನಿ ತಡವರಿಸಿ ಸುಮ್ನೆ ನನ್ನ ಕಡೆ ನೋಡಿದರು. ಆ ನೋಟ ಇಡೀ ಹಾಲ್‌ಗೆ ಕಂಡಿತು. ನಾವು ಎತ್ತದೆ ಬಿಟ್ಟ ವಿಷಯಕ್ಕೂ ಒಂದು ಸಾಲಿನ ಉತ್ತರ ಇಟ್ಟುಕೊಳ್ಳಬೇಕಿತ್ತು. "ಗಟಾರ ಕಟ್ಟ್ಯಾರ, ಖರೇ. ಹೂಳು ತಗಸೂದು ಬಾಕಿ ಐತಿ" ಅಂದಿದ್ದರೆ ಮುಗಿಯುತ್ತಿತ್ತು. ಇದು ನನಗೆ ಹೊಳೆದದ್ದು ರಾತ್ರಿ, ಊಟಕ್ಕೆ ಕುಳಿತಾಗ.

ವೈನಿ ಸೋತರು, ಮೂರನೆಯವರಾಗಿ. ಆದರೆ ಸಭೆ ಮುಗಿದ ಮರುದಿನವೇ ಗಟಾರದವರ ಪ್ರಚಾರದ ಆಟೊ "ನೀರು ಬಿಡುವ ಹೊತ್ತು ಮೊದಲೇ ತಿಳಿಸುತ್ತೇವೆ" ಎಂದು ಕೂಗುತ್ತಾ ನಮ್ಮ ಮನೆ ಮುಂದೆಯೇ ಹೋಯಿತು.

ಕ್ಯಾಲೆಂಡರ್ ಅಷ್ಟರಲ್ಲಿ ನಮ್ಮ ಹತ್ತಿರ ಇರಲಿಲ್ಲ. ವೈನಿ ವೇದಿಕೆ ಇಳಿಯುವಷ್ಟರಲ್ಲೇ ಆ ಮನೆಯಾಕೆ ಕೈ ಚಾಚಿದ್ದರು: "ಕೊಡ್ರಿ ಅಕ್ಕಾರ, ಇವತ್ತ ರಾತ್ರಿ ಬಂದರೂ ಬಂದಾವು."